ಗುಳಿ ರಾಗಿ ಹೋಬಳಿ ಹೋಬಳಿಗೂ ಬರಲಿ

ಮಾನ್ಯ ಸಂಪಾದಕರೇ,

ನಾನು ಮಧುಗಿರಿ ಕಡೆಯ ರೈತ ಹೆಂಗಸು. ನಮಗಿರುವುದು ಮೂರು ಎಕರೆ ಕೆಂಪು ಮಣ್ಣಿನ ಹೊಲ. ಎಲ್ಲಾ ಮಳೆ ನಂಬಿಕೊಂಡಿದ್ದು. ರಾಗಿ, ಕಡ್ಲೆಕಾಯಿ, ಒಂದಿಷ್ಟು ತೊಗರಿ, ಅವರೆ ಬೆಳೆಯುತ್ತೇವೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ. ಹೇಳಬೇಕಾದ ವಿಷಯ ಒಂದೇ. ಮಳೆಯಲ್ಲಿ ಬೆಳೆಯುವ ರಾಗಿಯನ್ನೇ ಎಕರೆಗೆ ಈಗಿನ ಎರಡರಷ್ಟು ಬೆಳೆಯಬಹುದು. ಸಣ್ಣ ಗುಳಿ ಮಾಡಿ ರಾಗಿ ಸಸಿ ನೆಡುವ, ಗುಳಿ ರಾಗಿ ಅನ್ನುವ ಆ ವಿದ್ಯೆ ನಮ್ಮ ರಾಜ್ಯದ ರೈತರ ಕೈಯಲ್ಲೇ ಇದೆ. ಅದನ್ನು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ದಾಟಿಸುವ ಕೆಲಸ ಮಾತ್ರ ಆಗುತ್ತಿಲ್ಲ.

ಪ್ರತಿ ವರ್ಷ ಅಕ್ಟೋಬರ್ 16ಕ್ಕೆ ವಿಶ್ವ ಆಹಾರ ದಿನ ಅಂತ ಓದುತ್ತೇನೆ. ಜನ ಜಾಸ್ತಿ ಆಗುತ್ತಿದ್ದಾರೆ, ಜಮೀನು ಕಮ್ಮಿ ಆಗುತ್ತಿದೆ, ಇಳುವರಿ ಹೆಚ್ಚಬೇಕು ಅಂತ ಎಲ್ಲರೂ ಬರೆಯುತ್ತಾರೆ. ನಿಜವೇ. ಆದರೆ ಇಳುವರಿ ಅಂದ ಕೂಡಲೇ ಮಾತು ಕಾಲುವೆ ನೀರಿನ ಕಡೆಗೆ, ಭತ್ತದ ಕಡೆಗೆ, ಕಬ್ಬಿನ ಕಡೆಗೆ ಹೋಗಿಬಿಡುತ್ತದೆ. ಒಣಭೂಮಿಯ ಲೆಕ್ಕದಲ್ಲಿ ರಾಜಸ್ಥಾನ ಬಿಟ್ಟರೆ ದೇಶದಲ್ಲಿ ನಮ್ಮದೇ ರಾಜ್ಯ. ದೇಶದ ಒಟ್ಟು ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯುವವರೂ ನಾವೇ. ಈ ಒಣ ಹೊಲಗಳಲ್ಲಿ ಎಕರೆಗೆ ಏಳೆಂಟು ಕ್ವಿಂಟಲ್ ಬರುವ ಕಡೆ ಹದಿನಾಲ್ಕು ಬಂದರೆ ಎಷ್ಟು ಮನೆಗಳ ಊಟದ ಚಿಂತೆ ಹೋಗುತ್ತದೆ ಅಂತ ಯಾರಾದರೂ ಕೂತು ಲೆಕ್ಕ ಹಾಕಬೇಕು.

ನಾನು ಇದನ್ನು ಕಂಡಿದ್ದು 2018ರಲ್ಲಿ. ನನ್ನ ತಂಗಿಯನ್ನು ಹಾವೇರಿ ಜಿಲ್ಲೆಗೆ ಕೊಟ್ಟಿದ್ದೇವೆ. ಶ್ರಾವಣದಲ್ಲಿ ಅವಳ ಮನೆಗೆ ಹೋಗಿದ್ದೆ. ಬೆಳಿಗ್ಗೆ ಹೊಲಕ್ಕೆ ಹೋದರೆ ಅವಳ ಮಾವನವರು ಜೋಡೆತ್ತು ಕಟ್ಟಿ, ನಾಟಿ ಮಾಡಿ ಮೂರು ವಾರ ಆಗಿದ್ದ ರಾಗಿ ಪೈರಿನ ಮೇಲೆ ಒಂದು ಹಗುರವಾದ ಮರದ ಕೊರಡು ಎಳೆಸುತ್ತಿದ್ದರು. ಎದ್ದು ನಿಂತಿದ್ದ ಹಸಿರು ಪೈರು ಸಾಲಿಗೆ ಸಾಲೇ ನೆಲಕ್ಕೆ ಮಲಗುತ್ತಿತ್ತು. ನನಗೆ ಜೀವ ಹೋದ ಹಾಗಾಯಿತು. ನಮ್ಮ ಕಡೆ ಒಂದು ಕರು ಪೈರು ತುಳಿದರೆ ಜಗಳ ಆಗುತ್ತದೆ. "ಏನ್ರೀ ಮಾವನವರೇ, ಬೆಳೆದ ಪೈರು ಹಾಳು ಮಾಡ್ತಿದ್ದೀರಲ್ಲ" ಅಂದೆ. ಅವರು ಎತ್ತು ನಿಲ್ಲಿಸಲೇ ಇಲ್ಲ. "ಏನೂ ಆಗಂಗಿಲ್ಲ ಬಿಡವಾ. ಮಲಗಿಸಿದ್ರ ಇನ್ನೂ ಜೋರ ಏಳತೈತಿ. ಇನ್ನ ಎರಡ ದಿನ ಇದ್ದು ನೋಡಿ ಹೋಗು" ಅಂದರು.

ನಾನು ನಾಲ್ಕು ದಿನ ಇದ್ದೆ. ಮಲಗಿದ್ದ ಪೈರು ಎದ್ದು ನಿಂತಿತ್ತು. ಒಂದು ಗುಳಿ ಹತ್ತಿರ ಕೂತು ಮಣ್ಣು ಸರಿಸಿ ನೋಡಿದೆ. ಬಾಗಿದ ಬುಡದಲ್ಲಿ ಬೆಳ್ಳಗೆ ಹೊಸ ಬೇರು ಬಂದಿತ್ತು, ಅದರ ಪಕ್ಕದಲ್ಲೇ ಹೊಸ ತೆಂಡೆಗಳು, ಅಂದರೆ ಬುಡದಿಂದ ಒಡೆಯುವ ಮರಿಗಳು, ಮೊಳಕೆ ಚುಚ್ಚಿಕೊಂಡು ಬರುತ್ತಿದ್ದವು. ಆಮೇಲೆ ಕಾರ್ತಿಕದಲ್ಲಿ ತಂಗಿ ಫೋಟೋ ಕಳಿಸಿದಳು. ಒಂದೊಂದು ಗುಳಿಯಲ್ಲೂ ಎರಡು ಕೈಯಲ್ಲಿ ಹಿಡಿದರೂ ಹಿಡಿತಕ್ಕೆ ಬಾರದಷ್ಟು ದಂಟು, ಮೇಲೆ ಮುಷ್ಟಿಯಷ್ಟು ದಪ್ಪದ ತೆನೆ.

ಇದಕ್ಕೆ ಅಲ್ಲಿ ಗುಳಿ ರಾಗಿ ಅನ್ನುತ್ತಾರೆ. ಹಾವೇರಿ ರೈತರು ಹತ್ತಾರು ವರ್ಷಗಳ ಹಿಂದೆ ತಾವೇ ಮಾಡಿ ನೋಡಿ ಕಂಡುಕೊಂಡಿದ್ದು. ಯಾವ ಕಂಪನಿಯೂ ಹೇಳಿಕೊಟ್ಟಿದ್ದಲ್ಲ. ಮಾಡುವ ರೀತಿ ಹೀಗೆ. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಒಂದೂವರೆ ಅಡಿಗೊಂದು ಗೆರೆ ಎಳೆಯುತ್ತಾರೆ. ಗೆರೆ ಕೂಡುವ ಕಡೆ ಸಣ್ಣ ಗುಳಿ. ಪ್ರತಿ ಗುಳಿಗೆ ಒಂದು ಹಿಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಅದರಲ್ಲಿ 20ರಿಂದ 25 ದಿನದ ಎರಡೇ ಎರಡು ಸಸಿ. ನಾಟಿಯಾಗಿ ಎರಡು ವಾರ ಕಳೆದ ಮೇಲೆ ಎತ್ತು ಕಟ್ಟಿ, ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಹೊಡೆಯುತ್ತಾರೆ. ಒಂದು ಸಾರಿ ಉದ್ದಕ್ಕೆ, ಒಂದು ಸಾರಿ ಅಡ್ಡಕ್ಕೆ. ನೆಲದಲ್ಲಿ ಹಸಿ ಇರುವಾಗ, ಪೈರಿಗೆ ಗಣ್ಣು ಮೂಡುವ ಮೊದಲು, ಕೊರಡು ಎಳೆಯುತ್ತಾರೆ. ಅಷ್ಟೇ.

ನಮ್ಮ ಕಡೆ ರಾಗಿ ಚೆಲ್ಲುವವರು ಎಕರೆಗೆ ಎಂಟು ಹತ್ತು ಕೆಜಿ ಬೀಜ ಚೆಲ್ಲುತ್ತಾರೆ. ಸಾಲಾಗಿ ಬೀಜ ಬಿಡುವ ಕೂರಿಗೆಯಲ್ಲಿ ಬಿತ್ತಿದರೂ ಐದು ಕೆಜಿ ಬೇಕು. ಗುಳಿಗೆ ಅರ್ಧ ಕೆಜಿ ಸಾಕು. ಒಂದೂವರೆ ಅಡಿ ಲೆಕ್ಕದಲ್ಲಿ ಎಕರೆಗೆ ಹೆಚ್ಚು ಕಮ್ಮಿ 20,000 ಗುಳಿ ಬರುತ್ತವೆ. ಗುಳಿಗೆ ಮೂವತ್ತು ತೆನೆ, ತೆನೆಗೆ ಮೂರು ಗ್ರಾಂ ಕಾಳು ಅಂದುಕೊಳ್ಳಿ. ಗುಳಿಗೆ 90 ಗ್ರಾಂ ಆಯಿತು. ಎಕರೆಗೆ 18 ಕ್ವಿಂಟಲ್! ನಾನು ಇದನ್ನು ಮೊಮ್ಮಗಳ ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಎರಡು ಸಾರಿ ಗುಣಿಸಿ ನೋಡಿದೆ. ಹಾವೇರಿ ಕಡೆ ಚೆನ್ನಾಗಿ ಮಾಡಿದವರು 18ರಿಂದ 20 ಕ್ವಿಂಟಲ್ ತೆಗೆದಿರುವುದು ದಾಖಲೆಯಲ್ಲೂ ಇದೆ.

2019ರಲ್ಲಿ ನಾನು ಹತ್ತು ಗುಂಟೆಯಲ್ಲಿ ಮಾತ್ರ ಮಾಡಿದೆ. ನಮ್ಮ ಮನೆಯವರಿಗೆ ಇಷ್ಟ ಇರಲಿಲ್ಲ. ನಾಟಿ ಮುಗಿದ ದಿನ ಹೊಲ ನೋಡಿದರೆ ಬಣಗುಡುತ್ತಿತ್ತು, ಅಷ್ಟಷ್ಟು ದೂರಕ್ಕೆ ಎರಡೆರಡು ಕಡ್ಡಿ. ದಾರಿಯಲ್ಲಿ ಹೋಗುವವರೆಲ್ಲ "ಏನಕ್ಕಾ, ಬೀಜ ಸಿಗಲಿಲ್ವಾ?" ಅಂತ ಕೇಳಿಕೊಂಡೇ ಹೋದರು. ಒಂದು ತಿಂಗಳು ತುಂಬಾ ಕಷ್ಟ ಆಯಿತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆದರೆ ನಲವತ್ತೈವತ್ತು ದಿನ ಆಗುವ ಹೊತ್ತಿಗೆ ನೆಲ ಕಾಣದ ಹಾಗೆ ಪೈರು ಕೂಡಿಕೊಂಡಿತು. ಹತ್ತು ಗುಂಟೆಗೆ ಮೂರೂವರೆ ಕ್ವಿಂಟಲ್ ಕಣಕ್ಕೆ ಬಂತು. ಅಂದರೆ ಎಕರೆಗೆ ಹದಿನಾಲ್ಕು. ಪಕ್ಕದಲ್ಲೇ ಕೂರಿಗೆಯಲ್ಲಿ ಬಿತ್ತಿದ್ದ ನಮ್ಮದೇ ಹೊಲದಲ್ಲಿ ಎಕರೆಗೆ ಎಂಟು ದಾಟಲಿಲ್ಲ. ಅದೇ ಮಣ್ಣು, ಅದೇ ಮಳೆ, ಅದೇ ಜಿಪಿಯು-28 ತಳಿಯ ಬೀಜ.

ಯಾಕೆ ಹೀಗಾಗುತ್ತದೆ ಅಂತ ನನಗೆ ಅರ್ಥ ಆದ ಮಟ್ಟಿಗೆ ಹೇಳುತ್ತೇನೆ. ಒತ್ತಾಗಿ ಬಿತ್ತಿದ ರಾಗಿ ಒಂದಕ್ಕೊಂದು ಪೈಪೋಟಿಯಲ್ಲಿ ಎತ್ತರಕ್ಕೆ ಹೋಗುತ್ತದೆಯೇ ಹೊರತು ತೆಂಡೆ ಒಡೆಯುವುದಿಲ್ಲ. ಬೇರು ಬಿಡಲು ಜಾಗ ಇರುವುದಿಲ್ಲ, ಎಂಟು ದಿನ ಮಳೆ ಕೈಕೊಟ್ಟರೆ ಸೊರಗುತ್ತದೆ. ಜಾಗ ಕೊಟ್ಟರೆ ಬೇರು ಆಳಕ್ಕೂ ಅಗಲಕ್ಕೂ ಹೋಗುತ್ತದೆ. ಎಡೆಕುಂಟೆ ಹೊಡೆದಾಗ ಮೇಲ್ಮಣ್ಣು ಸಡಿಲ ಆಗಿ ನೆಲದ ಹಸಿ ಆರುವುದಿಲ್ಲ. ಗೊಬ್ಬರವೂ ಅಷ್ಟೇ, ಹೊಲಕ್ಕೆಲ್ಲ ಹರಡಿದರೆ ಅರ್ಧ ಕಳೆಗೆ ಹೋಗುತ್ತದೆ. ಗುಳಿಗೆ ಹಾಕಿದರೆ ಪೈರಿನ ಬಾಯಿಗೇ ಇಟ್ಟ ಹಾಗೆ. ನಾಲ್ಕೈದು ಗಾಡಿ ಗೊಬ್ಬರದಲ್ಲಿ ಒಂದು ಎಕರೆ ಮುಗಿಯುತ್ತದೆ. ಈಗ ಎಲ್ಲರ ಮನೆಯಲ್ಲೂ ದನ ಕಮ್ಮಿ, ತಿಪ್ಪೆ ಸಣ್ಣದು, ಹಾಗಾಗಿ ಇದು ದೊಡ್ಡ ಅನುಕೂಲ.

ಭತ್ತದಲ್ಲಿ ಇದೇ ತತ್ವ ಜಗತ್ತಿಗೆಲ್ಲ ಗೊತ್ತಿದೆ. 1980ರ ದಶಕದಲ್ಲಿ ಮಡಗಾಸ್ಕರ್ ದ್ವೀಪದಲ್ಲಿ ಹೆನ್ರಿ ಡಿ ಲೌಲಾನಿ ಅನ್ನುವ ಪಾದ್ರಿಯೊಬ್ಬರು ರೈತರ ಜೊತೆ ಕೆಲಸ ಮಾಡುತ್ತಾ ಎಳೆ ಸಸಿಯನ್ನು ಒಂಟಿಯಾಗಿ, ದೂರ ದೂರಕ್ಕೆ ನೆಡುವ ವಿಧಾನ ಕಂಡುಕೊಂಡರು. ಅದೇ ಶ್ರೀ ಪದ್ಧತಿ. ಎಷ್ಟೋ ದೇಶಗಳಿಗೆ ಹೋಯಿತು. ಇಥಿಯೋಪಿಯಾದ ಟಿಗ್ರಾಯ್ ಸೀಮೆಯಲ್ಲೂ ರೈತರು ರಾಗಿ ಸಸಿ ಬೆಳೆಸಿ ದೂರ ದೂರಕ್ಕೆ ನಾಟಿ ಮಾಡಿ ಒಳ್ಳೆ ಇಳುವರಿ ತೆಗೆದಿದ್ದಾರೆ. ನಮ್ಮ ಹಾವೇರಿಯ ವಿದ್ಯೆ ಮಾತ್ರ ಪಕ್ಕದ ಜಿಲ್ಲೆಗಳಿಗೂ ಸರಿಯಾಗಿ ಬರಲಿಲ್ಲ. ಈ ಬೇಜಾರು ನನಗೆ ಇದೆ.

ಆಫ್ರಿಕಾದ ಹೆಸರು ಸುಮ್ನೆ ತರಲಿಲ್ಲ. ರಾಗಿ ಹುಟ್ಟಿದ್ದೇ ಇಥಿಯೋಪಿಯಾ, ಉಗಾಂಡದ ಎತ್ತರದ ಸೀಮೆಯಲ್ಲಿ. ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂತು. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ಲಕ್ಷ್ಮಣಯ್ಯನವರು ದಪ್ಪ ತೆನೆಯ ಆಫ್ರಿಕಾದ ರಾಗಿಗೂ ನಮ್ಮ ನೆಲದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಅವರಿಗೆ ಜನ ರಾಗಿ ಬ್ರಹ್ಮ ಅಂತ ಕರೆದದ್ದು ಅದಕ್ಕೇ. ನಮ್ಮಮ್ಮ ಇಂಡಾಫ್ ಬಂದ ವರ್ಷಗಳನ್ನು ನೆನೆಸಿಕೊಂಡು "ಆಗಲೇ ನಮ್ಮ ಮನೆ ಹಗೇವು ತುಂಬಿದ್ದು" ಅನ್ನುತ್ತಿದ್ದರು. ಈಗಿನ ಮಕ್ಕಳಿಗೆ ಹಗೇವು ಅಂದರೆ ಗೊತ್ತಿಲ್ಲ. ನೆಲದೊಳಗೆ ತೋಡಿದ ರಾಗಿಯ ಕಣಜ ಅದು. ಬಾಯಿ ಸಣ್ಣದು, ಒಬ್ಬರು ಇಳಿಯುವಷ್ಟು. ಒಳಗೆ ಸುತ್ತಲೂ ಹುಲ್ಲು ಹಾಸಿ ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮೊದಲು ಬಾಯಿ ತೆರೆದು ಬಹಳ ಹೊತ್ತು ಗಾಳಿ ಆಡಲು ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಎರಡು ವರ್ಷ ಮಳೆ ಹೋದರೂ ಹಗೇವು ಇದ್ದ ಮನೆಯವರು ಊರು ಬಿಡುತ್ತಿರಲಿಲ್ಲ. ಆಹಾರ ಭದ್ರತೆ ಅಂತ ಪತ್ರಿಕೆಯಲ್ಲಿ ಓದಿದಾಗ ನನಗೆ ಮೊದಲು ನೆನಪಾಗುವುದು ಆ ಹಗೇವಿನ ಚಪ್ಪಡಿ.

ಒಳ್ಳೆ ತಳಿಗಳು ಆಮೇಲೂ ಬಂದಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಕೊಟ್ಟ ಜಿಪಿಯು-28, ಎಂಎಲ್-365, ಮಂಡ್ಯದ ಕೆಎಂಆರ್ ತಳಿಗಳು ಬೆಂಕಿ ರೋಗವನ್ನು ತಡೆದುಕೊಳ್ಳುತ್ತವೆ. ತೆನೆಯ ಕುತ್ತಿಗೆ ಕಪ್ಪಾಗಿ ಕಾಳೇ ಕಟ್ಟದಂತೆ ಮಾಡುವ ಈ ರೋಗ ಉಗಾಂಡ, ಕೀನ್ಯಾದ ರೈತರನ್ನೂ ಕಾಡುತ್ತದೆ. ತಳಿ ಮಾಡಿದವರ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ಬೀಜ ಎಷ್ಟೇ ಒಳ್ಳೆಯದಿರಲಿ, ಹತ್ತು ಕೆಜಿ ಚೆಲ್ಲಿ ಒತ್ತಿಗೆ ಬೆಳೆಸಿದರೆ ಅದರ ಶಕ್ತಿಯಲ್ಲಿ ಅರ್ಧವೂ ಹೊರಗೆ ಬರುವುದಿಲ್ಲ.

ಹಾಗಾದರೆ ಎಲ್ಲರೂ ಯಾಕೆ ಮಾಡುತ್ತಿಲ್ಲ ಅಂತ ಕೇಳಬಹುದು. ಕಾರಣ ಇದೆ, ಮುಚ್ಚಿಡುವುದಿಲ್ಲ. ಮೊದಲನೆಯದು ಆಳು. ಎಕರೆಗೆ 20,000 ಗುಳಿ ಅಂದರೆ ಹತ್ತು ಹನ್ನೆರಡು ಹೆಂಗಸರಿಗೆ ಒಂದು ದಿನದ ಪೂರ್ತಿ ಕೆಲಸ. ಅದೂ ಮಳೆ ಬಂದು ಹದ ಇರುವ ಎರಡು ಮೂರು ದಿನದೊಳಗೆ ಮುಗಿಯಬೇಕು. ಆ ದಿನಗಳಲ್ಲಿ ಊರಿನಲ್ಲಿ ಎಲ್ಲರಿಗೂ ಆಳು ಬೇಕು. ಗಂಡು ಹುಡುಗರು ಬೆಂಗಳೂರು, ತುಮಕೂರಿನ ಫ್ಯಾಕ್ಟರಿ ಸೇರಿದ್ದಾರೆ. ಚೆಲ್ಲಿಬಿಟ್ಟರೆ ಒಬ್ಬನೇ ಅರ್ಧ ದಿನದಲ್ಲಿ ಮುಗಿಸುತ್ತಾನೆ. ಆದರೆ ಚೆಲ್ಲಿದ ಹೊಲದಲ್ಲಿ ಆಮೇಲೆ ಎರಡು ಸಾರಿ ಕಳೆ ಕೀಳಬೇಕಲ್ಲ, ಅದು ಯಾರ ಸೊಂಟ? ಹೆಂಗಸರದ್ದು. ನಾನು ಹದಿನೆಂಟು ವರ್ಷಕ್ಕೆ ಮದುವೆಯಾಗಿ ಬಂದಾಗಿನಿಂದ ಬಗ್ಗಿ ಕಳೆ ಕಿತ್ತಿದ್ದೇನೆ, ರಾಗಿ ಪೈರಿನ ಜೊತೆ ಅದರ ಹಾಗೇ ಕಾಣುವ ಹುಲ್ಲನ್ನು ಒಂದೊಂದೇ ಗುರುತು ಹಿಡಿದು. ಗುಳಿಯಲ್ಲಿ ಎರಡೂ ಕಡೆಯಿಂದ ಕುಂಟೆ ಹೋಗುವುದರಿಂದ ಕೈಯಲ್ಲಿ ಕೀಳುವುದು ಬುಡದ ಸುತ್ತ ಇರುವ ನಾಲ್ಕು ಕಳೆ ಮಾತ್ರ. ನಾಟಿಯ ದಿನ ಖರ್ಚಾದ ಕೂಲಿ ಕಳೆಯಲ್ಲಿ ಉಳಿಯುತ್ತದೆ. ಇದನ್ನು ಗಂಡಸರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾಕೆಂದರೆ ಮನೆ ಹೆಂಗಸರ ಕಳೆ ಕೆಲಸಕ್ಕೆ ಕೂಲಿ ಕೊಡುವವರು ಯಾರೂ ಇಲ್ಲ.

ಎರಡನೆಯದು ಎತ್ತು. ನಮ್ಮ ಊರಿನಲ್ಲಿ ಈಗ ಉಳಿದಿರುವುದು ನಾಲ್ಕು ಜೊತೆ. ದೊಡ್ಡ ಟ್ರ್ಯಾಕ್ಟರ್ ಒಂದೂವರೆ ಅಡಿ ಸಾಲಿನಲ್ಲಿ ಹೋಗುವುದಿಲ್ಲ. ಆದರೆ ಕೈಯಲ್ಲಿ ತಳ್ಳುವ ಸಣ್ಣ ಪವರ್ ವೀಡರ್ ಹೋಗುತ್ತದೆ. ನಾವು ನಾಲ್ಕು ಮನೆಯವರು ಸೇರಿ ಬಾಡಿಗೆಗೆ ತರುತ್ತೇವೆ. ಕೊರಡನ್ನು ಇಬ್ಬರು ಹಗ್ಗ ಕಟ್ಟಿ ಎಳೆದರೂ ನಡೆಯುತ್ತದೆ, ಹತ್ತು ಗುಂಟೆಗೆ ನಾವು ಹಾಗೇ ಮಾಡಿದ್ದು.

ಇನ್ನೊಂದು ವಿಷಯ ಹೇಳಲೇಬೇಕು. ಎಲ್ಲಾ ಹೊಲಕ್ಕೂ ಇದು ಆಗುವುದಿಲ್ಲ. ಅರ್ಧ ಅಡಿ ಮಣ್ಣಿನ ಕೆಳಗೆ ಬಂಡೆ ಸಿಗುವ ಕಡೆ, ನೀರು ನಿಲ್ಲುವ ತಗ್ಗಿನಲ್ಲಿ ಮಾಡಬೇಡಿ. ತುಂಬಾ ತಡವಾಗಿ ನಾಟಿ ಮಾಡಿದರೂ ಪೈರಿಗೆ ತೆಂಡೆ ಒಡೆಯಲು ಸಮಯ ಸಿಗುವುದಿಲ್ಲ. ಆಗಸ್ಟ್ ಮಧ್ಯ ದಾಟಿತು ಅಂದರೆ ಸಾಲು ಹತ್ತಿರ ಮಾಡಿ ಜಿಪಿಯು-48 ತರಹದ ಅಲ್ಪಾವಧಿ ತಳಿ ಹಾಕುವುದೇ ಒಳ್ಳೆಯದು. ಮತ್ತೆ, ಅಕ್ಕಡಿ ಸಾಲು ಬಿಡಬೇಡಿ. ಎಂಟು ಹತ್ತು ಸಾಲು ರಾಗಿಗೆ ಒಂದು ಸಾಲು ಅವರೆ ಅಥವಾ ತೊಗರಿ, ಅಂಚಿನಲ್ಲಿ ಹುಚ್ಚೆಳ್ಳು, ನಾಲ್ಕು ಸಾಸಿವೆ ಗಿಡ. ರಾಗಿ ಮುದ್ದೆ ಒಂದೇ ಊಟ ಆಗುವುದಿಲ್ಲ. ಸಾರಿಗೆ ಕಾಳು ಅದೇ ಹೊಲದಿಂದ ಬರಬೇಕು. ನಮ್ಮ ಅತ್ತೆಯವರು ಅಕ್ಕಡಿ ಇಲ್ಲದ ರಾಗಿ ಹೊಲಕ್ಕೆ "ಕುಂಕುಮ ಇಲ್ಲದ ಹಣೆ" ಅನ್ನುತ್ತಿದ್ದರು.

2023ರ ಬರ ಯಾರಿಗೆ ಮರೆತಿದೆ? ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಆಗಸ್ಟ್ ತಿಂಗಳು ಪೂರ್ತಿ ಒಣಗಿ ಹೋಯಿತು. ಜುಲೈ ಮಳೆ ನೋಡಿ ಚೆಲ್ಲಿದವರ ರಾಗಿ ಗೇಣುದ್ದ ಬಂದು ಅಲ್ಲೇ ಒಣಗಿತು, ದನಕ್ಕೆ ಬಿಟ್ಟರು. ನಾನು ಜುಲೈ ಕೊನೆಯಲ್ಲಿ ಒಂದು ಎಕರೆ ಗುಳಿ ನಾಟಿ ಮಾಡಿದ್ದೆ. ಒಟ್ಲು, ಅಂದರೆ ಸಸಿ ಮಡಿ, ಬಿಟ್ಟಿದ್ದು ಒಂದು ಗುಂಟೆ ಜಾಗದಲ್ಲಿ, ಅಷ್ಟಕ್ಕೆ ಕೊಡದಲ್ಲಿ ಹೊತ್ತು ಹಾಕಿದರೂ ನೀರು ಸಾಕು. ನಮ್ಮ ಹೊಲದಲ್ಲಿ ಒಂದು ಕೃಷಿ ಹೊಂಡ ಇದೆ. 2014ರಲ್ಲಿ ಶುರುವಾದ ಸರ್ಕಾರದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಊರಿನಲ್ಲಿ ಸುಮಾರು ಹೊಂಡಗಳಾದವು, ನಮ್ಮದೂ ಅದರಲ್ಲಿ ಒಂದು. ಆ ಹೊಂಡದ ತಳದಲ್ಲಿ ಉಳಿದಿದ್ದ ನೀರನ್ನು ಗುಳಿಗಳ ಬುಡಕ್ಕೆ ಮಾತ್ರ ಎರಡು ಸಾರಿ ಕೊಟ್ಟೆವು. ಆರು ಕ್ವಿಂಟಲ್ ಬಂತು. ಒಳ್ಳೆ ವರ್ಷದ ಲೆಕ್ಕದಲ್ಲಿ ಅದು ಕಮ್ಮಿಯೇ. ಆದರೆ ಆ ವರ್ಷ ನಮ್ಮ ಮನೆಗೆ ರಾಗಿ ಕೊಳ್ಳಲಿಲ್ಲ, ಎರಡು ಹಸುಗಳನ್ನು ಮಾರಲಿಲ್ಲ. ಹುಲ್ಲು ಮೆದೆ ಒಟ್ಟುವಷ್ಟು ಬಂದಿತ್ತು.

ಇದನ್ನೆಲ್ಲ ನಾನು ಕಲಿತದ್ದು ತಂಗಿಯ ಮಾವನವರ ಹೊಲದಲ್ಲಿ ನಿಂತು. ಯಾವ ಕರಪತ್ರ ಓದಿದ್ದರೂ ಬೆಳೆದ ಪೈರಿನ ಮೇಲೆ ಕೊರಡು ಎಳೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ. ಕಣ್ಣಾರೆ ನೋಡಿದ್ದಕ್ಕೆ ಬಂತು. ನಾನು ಸರ್ಕಾರಕ್ಕೆ ಕೇಳುವುದೂ ಅದನ್ನೇ. ಹೋಬಳಿಗೆ ಐದಾರು ಹೊಲಗಳಲ್ಲಿ, ದಾರಿ ಪಕ್ಕದಲ್ಲಿ, ರೈತರ ಹೊಲದಲ್ಲೇ, ಗುಳಿ ರಾಗಿ ಮಾಡಿಸಿ ತೋರಿಸಿ. ನಾಟಿ ದಿನ ಒಂದು ಸಾರಿ, ಕೊರಡು ಎಳೆಯುವ ದಿನ ಒಂದು ಸಾರಿ, ಕೊಯ್ಲಿನ ದಿನ ಒಂದು ಸಾರಿ ಸುತ್ತಮುತ್ತಲ ಹಳ್ಳಿಯವರನ್ನು ಕರೆಯಿರಿ. ಹಾವೇರಿಯಿಂದ ಮಾಡಿ ಪಳಗಿದ ರೈತರನ್ನೇ ಕರೆಸಿ, ಅವರಿಗೆ ದಿನಕ್ಕೆ ಇಷ್ಟು ಅಂತ ಗೌರವಧನ ಕೊಡಿ. ಬಸ್ ಚಾರ್ಜು, ಊಟ, ದಿನಗೂಲಿ ಸೇರಿ ಎಷ್ಟಾದೀತು?

ಇದು ಆಗದ ಕೆಲಸ ಅಲ್ಲ. ನಾವೇ ಮಾಡಿ ತೋರಿಸಿದ್ದೇವೆ. 2009ರಲ್ಲಿ ಭೂಚೇತನ ಅಂತ ಸರ್ಕಾರದ ಯೋಜನೆ ಶುರುವಾಯಿತು, ಹೈದರಾಬಾದಿನ ಇಕ್ರಿಸ್ಯಾಟ್ ಅನ್ನುವ ಒಣಬೇಸಾಯ ಸಂಶೋಧನಾ ಸಂಸ್ಥೆಯವರ ಜೊತೆ ಸೇರಿ. ಮಣ್ಣು ಪರೀಕ್ಷೆ ಮಾಡಿದಾಗ ನಮ್ಮ ಒಣ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕಮ್ಮಿ ಇದೆ ಅಂತ ಗೊತ್ತಾಯಿತು. ಅಲ್ಲಿಯವರೆಗೆ ನಾವು ಯೂರಿಯಾ ಮತ್ತು ಡಿಎಪಿ ಬಿಟ್ಟು ಬೇರೆ ಹೆಸರೇ ಕೇಳಿರಲಿಲ್ಲ. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ರಿಯಾಯಿತಿಯಲ್ಲಿ ಕೊಟ್ಟರು. ಇಳುವರಿ ಏರಿತು, ಅದು ನಿಜ. ಆದರೆ ನನ್ನ ಪ್ರಕಾರ ಆ ಯೋಜನೆಯ ಜೀವ ಇದ್ದದ್ದು ರೈತ ಅನುವುಗಾರರಲ್ಲಿ. ಊರಿನವರೇ, ತಾವೂ ಬೇಸಾಯ ಮಾಡುವವರೇ, ತರಬೇತಿ ಪಡೆದು ಮನೆ ಮನೆಗೆ ಬಂದು "ಅಕ್ಕಾ, ಈ ಹೊಲಕ್ಕೆ ಇಷ್ಟು ಹಾಕಿ" ಅಂತ ಹೇಳುತ್ತಿದ್ದರು. ಹೊಲಕ್ಕೆ ಬಂದು ನಿಂತು ತೋರಿಸುತ್ತಿದ್ದರು. ಅಂಥವರು ಈಗ ನಮ್ಮ ಊರಿಗೆ ಬರುತ್ತಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಇರುವವರು ಒಳ್ಳೆಯವರೇ, ಆದರೆ ಒಬ್ಬೊಬ್ಬರಿಗೆ ಎಷ್ಟು ಹಳ್ಳಿ! ಬಿತ್ತನೆ ಬೀಜ ಹಂಚುವುದು, ಬೆಳೆ ಸಮೀಕ್ಷೆ, ಮೊಬೈಲ್ ಆ್ಯಪ್ ಕೆಲಸದಲ್ಲೇ ಅವರ ಹಂಗಾಮು ಮುಗಿದುಹೋಗುತ್ತದೆ. ಅನುವುಗಾರರನ್ನು ಮತ್ತೆ ತನ್ನಿ. ಈ ಸಾರಿ ಅರ್ಧಕ್ಕರ್ಧ ಹೆಂಗಸರು ಇರಲಿ, ನಾಟಿ ಮಾಡುವವರು ಅವರೇ ತಾನೇ.

ಒಡಿಶಾ ನೋಡಿ. 2017ರಲ್ಲಿ ಸಿರಿಧಾನ್ಯ ಮಿಷನ್ ಅಂತ ಶುರು ಮಾಡಿದರು. ಕೊರಾಪುಟ್, ರಾಯಗಡದಂಥ ಗುಡ್ಡಗಾಡು ಜಿಲ್ಲೆಗಳಲ್ಲಿ ಅವರು ಮಂಡಿಯಾ ಅನ್ನುವುದು ನಮ್ಮ ರಾಗಿಯನ್ನೇ. ಚೆಲ್ಲುವುದು ಬಿಟ್ಟು ಸಾಲು ನಾಟಿಗೆ ಬಂದ ರೈತರಿಗೆ ಮೊದಲ ವರ್ಷಗಳಲ್ಲಿ ಪ್ರೋತ್ಸಾಹಧನ ಕೊಟ್ಟರು. ಬೆಳೆದದ್ದನ್ನು ಬೆಂಬಲ ಬೆಲೆಗೆ ಕೊಂಡರು. ಅಂಗನವಾಡಿ ಮಕ್ಕಳಿಗೆ ರಾಗಿ ಲಡ್ಡು ಮಾಡಿ ಕೊಟ್ಟರು. ಹೊಲ, ಖರೀದಿ, ಊಟ, ಮೂರೂ ಒಟ್ಟಿಗೆ. ರಾಗಿಯ ತವರು ಅನ್ನಿಸಿಕೊಂಡ ನಮಗೆ ಅದು ಯಾಕೆ ಆಗುವುದಿಲ್ಲ?

ಖರೀದಿ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. 2021ರ ನವೆಂಬರ್ ಮಳೆಯಲ್ಲಿ ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಬಿದ್ದು ತೆನೆಯಲ್ಲೇ ಮೊಳಕೆ ಬಂದಿತ್ತು. ಉಳಿದದ್ದನ್ನು ಒಣಗಿಸಿ, ತೂರಿ, ಚೀಲ ಕಟ್ಟಿಕೊಂಡು ಖರೀದಿ ಕೇಂದ್ರಕ್ಕೆ ಹೋದರೆ ನೋಂದಣಿ ಮುಗಿದಿದೆ ಅಂದರು. ಮರುದಿನ ಬೆಳಿಗ್ಗೆ ಐದು ಗಂಟೆಗೇ ಹೋಗಿ ಸಾಲಿನಲ್ಲಿ ನಿಂತೆ, ಆಗಲೂ ಅದೇ ಮಾತು. ಆ ವರ್ಷ ಬೆಂಬಲ ಬೆಲೆ ಕ್ವಿಂಟಲ್‌ಗೆ 3,377 ರೂಪಾಯಿ. ನಾನು ದಲ್ಲಾಳಿಗೆ ಕೊಟ್ಟಿದ್ದು 2,200ಕ್ಕೆ. ಎಂಟು ಕ್ವಿಂಟಲ್‌ಗೆ ಎಷ್ಟು ಹೋಯಿತು ಲೆಕ್ಕ ಹಾಕಿ. 2025-26ಕ್ಕೆ ಬೆಂಬಲ ಬೆಲೆ 4,886 ಆಗಿದೆ, ಒಳ್ಳೆಯದು. ಆದರೆ ರಾಗಿ ಕಣಕ್ಕೆ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಖರೀದಿ ಶುರುವಾಗುವುದು ಸಾಮಾನ್ಯವಾಗಿ ಜನವರಿ ಮೇಲೆ. ಸಾಲ ತೀರಿಸಬೇಕಾದ ಸಣ್ಣ ರೈತ ಅಲ್ಲಿಯವರೆಗೆ ಕಾಯುವುದಿಲ್ಲ. ಅವನ ರಾಗಿ ಕಮ್ಮಿ ಬೆಲೆಗೆ ಮೊದಲೇ ಬೇರೆಯವರ ಗೋದಾಮು ಸೇರಿರುತ್ತದೆ. ನಾನು ಗುಳಿ ನಾಟಿ ಮಾಡಿ ಎರಡರಷ್ಟು ಬೆಳೆದು ಅರ್ಧ ಬೆಲೆಗೆ ಮಾರುವುದಾದರೆ ಅಷ್ಟು ಕಷ್ಟ ಯಾಕೆ ಪಡಲಿ? ಖರೀದಿ ಡಿಸೆಂಬರ್ ಒಂದಕ್ಕೇ ತೆರೆಯಲಿ. ಐದು ಎಕರೆಗಿಂತ ಕಮ್ಮಿ ಇರುವವರ ನೋಂದಣಿಗೆ ಮಿತಿ ಇರದಿರಲಿ.

ಬೆಳೆದ ರಾಗಿಗೆ ಬಾಯಿ ಇಲ್ಲವೇ? ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ನೂರರಲ್ಲಿ 65 ಮಕ್ಕಳಿಗೆ ರಕ್ತಹೀನತೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಇದೆ, ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡಲು ಶುರು ಮಾಡಿದರು. ನನ್ನ ಮೊಮ್ಮಗಳು ಮಾಲ್ಟ್ ಕೊಡುವ ದಿನ ಲೋಟ ಮರೆಯದೆ ತೆಗೆದುಕೊಂಡು ಹೋಗುತ್ತಾಳೆ. ಅಂಗನವಾಡಿಗೂ, ಹಾಸ್ಟೆಲ್‌ಗಳಿಗೂ ಅದೇ ತಾಲ್ಲೂಕಿನ ರಾಗಿ ಹೋಗುವಂತೆ ಮಾಡಿದರೆ ಬೆಳೆದವರಿಗೂ ಧೈರ್ಯ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೇಳಿಕೆ ಇದೆ. ನಿಮ್ಮ ಕೃಷಿ ಪುಟದಲ್ಲಿ ಗುಳಿ ರಾಗಿಯ ಬಗ್ಗೆ ಫೋಟೋ ಸಮೇತ ಬರೆಸಿ, ಕೊರಡು ಎಳೆಯುವ ಫೋಟೋ ಖಂಡಿತ ಇರಲಿ. ಆದರೆ ಸುಗ್ಗಿ ಕಾಲದಲ್ಲಿ ಹಾಕಬೇಡಿ. ಒಟ್ಲು ಬಿಡುವುದು ಜೂನ್ ಕೊನೆಯಲ್ಲಿ, ಆರಿದ್ರಾ ಮಳೆ ಹೊತ್ತಿಗೆ. ಜೂನ್ ಮೊದಲ ವಾರವೇ ಪುಟ ಬಂದರೆ ಬೀಜ ಹುಡುಕಿಕೊಳ್ಳಲು, ಒಂದು ಗುಂಟೆ ಮಡಿ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಓದಿದವರು ಪೂರ್ತಿ ಹೊಲಕ್ಕೆ ಮಾಡುವುದು ಬೇಡ, ಮೊದಲ ವರ್ಷ ಹತ್ತೇ ಗುಂಟೆ ಸಾಕು. ನಮ್ಮ ಊರಿನಲ್ಲಿ ಕಳೆದ ಸಾರಿ ಏಳು ಮನೆಯವರು ಮಾಡಿದರು. "ಬೀಜ ಸಿಗಲಿಲ್ವಾ" ಅಂತ ಕೇಳಿದವರಲ್ಲಿ ಇಬ್ಬರು ಅದರಲ್ಲಿ ಇದ್ದಾರೆ. ಈ ಸಾರಿ ಅವರ ಒಟ್ಲಿಗೆ ಬೀಜ ನಮ್ಮ ಮನೆಯದೇ, ಈಗಾಗಲೇ ದಪ್ಪ ತೆನೆ ಆರಿಸಿ ಅಟ್ಟದ ಮೇಲೆ ಕಟ್ಟಿಟ್ಟಿದ್ದೇನೆ.

ಇಂತಿ,
ರಾಗಿ ಬೆಳೆಯುವ ಒಬ್ಬ ಹೆಣ್ಣುಮಗಳು
ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ